ಇಂಗ್ಲಿಷ್ ಸಂಖ್ಯಾಪದಗಳ ಸುಧಾರಣೆ: ಲ್ಯಾಟಿನ್ ಎಲ್ಲಿ ಬೇಕು, ಎಲ್ಲಿ ಬೇಡ

ಒಂದರ ಮುಂದೆ 18 ಸೊನ್ನೆಗಳನ್ನು ಬರೆದರೆ ಸಿಗುವ ಸಂಖ್ಯೆಯನ್ನು ಇಂದಿನ ಇಂಗ್ಲಿಷ್ ‘ಕ್ವಿಂಟಿಲಿಯನ್’ ಎಂದು ಕರೆಯುತ್ತದೆ. ಅದೇ ಪ್ರಮಾಣವನ್ನು ಹೇಳಬೇಕಾದಾಗ ವಿಜ್ಞಾನಿಗಳು ಅಳತೆಯ ಮಾನಕ್ಕೆ ‘ಎಕ್ಸಾ’ ಎಂಬ ಪೂರ್ವಪ್ರತ್ಯಯವನ್ನು ಸೇರಿಸುತ್ತಾರೆ. ‘ಕ್ವಿಂಟ್’ ಎಂಬುದು ಲ್ಯಾಟಿನ್ನಿನ ಐದರಿಂದ ಬಂದಿದೆ, ‘ಎಕ್ಸಾ’ ಎಂಬುದು ಗ್ರೀಕಿನ ಆರರಿಂದ ಬಂದಿದೆ. ಸಂಖ್ಯೆ ಒಂದೇ ಆಗಿದ್ದರೂ ಒಂದು ಹೆಸರು ಐದು ಎನ್ನುತ್ತದೆ, ಇನ್ನೊಂದು ಆರು ಎನ್ನುತ್ತದೆ. ಆರು ಸಾವಿರಗಳನ್ನು ಒಂದಕ್ಕೊಂದು ಗುಣಿಸಿದಾಗ ಈ ಸಂಖ್ಯೆ ಬರುವುದರಿಂದ ಎಕ್ಸಾದ ಎಣಿಕೆ ನೇರವಾಗಿದೆ. ಕ್ವಿಂಟಿಲಿಯನ್ನಿನ ಐದು ಯಾವುದನ್ನು ಎಣಿಸುತ್ತದೆ ಎಂದು ಕೇಳಿದರೆ ಇಂದಿನ ಇಂಗ್ಲಿಷಿನೊಳಗೆ ಅದಕ್ಕೆ ಸರಳವಾದ ಉತ್ತರವಿಲ್ಲ.

ಇಂಗ್ಲಿಷಿನ ಸಂಖ್ಯಾಪದಗಳನ್ನು ಕೈಬಿಟ್ಟು ಅವುಗಳ ಜಾಗದಲ್ಲಿ ಲ್ಯಾಟಿನ್ ಮೂಲದ, ಒಂದೇ ನಿಯಮಕ್ಕೆ ಬದ್ಧವಾದ ಪದಗಳನ್ನು ತರಬೇಕೆಂಬ ವಿಚಾರ ನನ್ನನ್ನು ಬಹುಕಾಲದಿಂದ ಸೆಳೆದಿದೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರಿಗೆ ಅದರ ಸಂಖ್ಯಾಪದಗಳ ಅಸ್ತವ್ಯಸ್ತತೆ ಬೇಗ ಕಣ್ಣಿಗೆ ಬೀಳುತ್ತದೆ. ಹುಟ್ಟಿನಿಂದ ಅದನ್ನೇ ಆಡಿದವರಿಗೆ ಅದು ಗಾಳಿಯಷ್ಟು ಸಹಜವೆನಿಸಿರುತ್ತದೆ. ಆದರೆ ಈ ವಿಚಾರವನ್ನು ಪರಿಶೀಲಿಸುತ್ತ ಹೋದಂತೆ ನನಗೆ ಸ್ಪಷ್ಟವಾದದ್ದೇನೆಂದರೆ, ಇಂಗ್ಲಿಷ್ ಸಂಖ್ಯಾಪದಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳಿವೆ. ಚಿಕ್ಕ ಸಂಖ್ಯೆಗಳಲ್ಲಿ ಕೆಟ್ಟಿರುವುದು ಪದಗಳ ಜೋಡಣೆಯ ಕ್ರಮ, ಅದನ್ನು ಲ್ಯಾಟಿನ್ ಸರಿಪಡಿಸಲಾರದು. ದೊಡ್ಡ ಸಂಖ್ಯೆಗಳಲ್ಲಿ ಪದಗಳು ಆಗಲೇ ಲ್ಯಾಟಿನ್ನಿನವು, ಕೆಟ್ಟಿರುವುದು ಎಣಿಕೆ; ಅಲ್ಲಿ ಲ್ಯಾಟಿನ್ ಮೂಲದ ಸುಧಾರಣೆ ಸಾಧ್ಯ, ಮತ್ತು ಅದು ಅಗತ್ಯ ಎಂದೂ ನಾನು ನಂಬಿದ್ದೇನೆ.

ಮೊದಲು ಚಿಕ್ಕ ಸಂಖ್ಯೆಗಳನ್ನು ನೋಡೋಣ. ‘ಇಲೆವೆನ್’ ಮತ್ತು ‘ಟ್ವೆಲ್ವ್’ ಎಂಬ ಪದಗಳಲ್ಲಿ ಹತ್ತು ಎಲ್ಲಿಯೂ ಕಾಣಿಸುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಇವುಗಳ ರೂಪ ‘ಎಂಡ್ಲೆಯೊಫನ್’ ಮತ್ತು ‘ಟ್ವೆಲ್ಫ್’. ಹತ್ತನ್ನು ಎಣಿಸಿದ ಮೇಲೆ ಒಂದು ಉಳಿಯಿತು, ಎರಡು ಉಳಿಯಿತು ಎಂಬುದು ಅವುಗಳ ಮೂಲಾರ್ಥ. ಲಿಥುವೇನಿಯನ್ ಭಾಷೆಯಲ್ಲಿ ಇದೇ ಬಗೆಯ ರಚನೆ 11ರಿಂದ 19ರವರೆಗೂ ಏಕರೂಪವಾಗಿ ಮುಂದುವರಿಯುತ್ತದೆ. ಇಂಗ್ಲಿಷ್ ಮಾತ್ರ ಎರಡಕ್ಕೇ ನಿಂತು, 13ರಿಂದ ‘ಟೀನ್’ ಎಂಬ ಬೇರೊಂದು ದಾರಿ ಹಿಡಿಯಿತು. ಆ ದಾರಿಯಲ್ಲಿ ಬಿಡಿಯ ಅಂಕೆ ಮೊದಲು ಬರುತ್ತದೆ, ಹತ್ತು ಆಮೇಲೆ ಬರುತ್ತದೆ: ‘ಫೋರ್‌ಟೀನ್’ ಎಂದರೆ ನಾಲ್ಕು ಮತ್ತು ಹತ್ತು. ಇಪ್ಪತ್ತನ್ನು ದಾಟಿದೊಡನೆ ಕ್ರಮ ತಿರುಗಿ ‘ಟ್ವೆಂಟಿ ಫೋರ್’ ಆಗುತ್ತದೆ. ಇದರ ಮೇಲೆ ‘ಥರ್ಟೀನ್’ ಮತ್ತು ‘ಥರ್ಟಿ’, ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಎಂಬ ಜೋಡಿಗಳು ಕೊನೆಯ ಅನುನಾಸಿಕ ಮತ್ತು ಒತ್ತಿನ ವ್ಯತ್ಯಾಸದಿಂದ ಮಾತ್ರ ಬೇರೆಯಾಗುತ್ತವೆ. ಬರವಣಿಗೆಯಲ್ಲಿಯೂ ಸ್ಥಿರತೆಯಿಲ್ಲ, ‘ಫೋರ್’ ಮತ್ತು ‘ಫೋರ್‌ಟೀನ್’ ಪದಗಳಲ್ಲಿರುವ ‘ಯು’ ಅಕ್ಷರ ‘ಫಾರ್ಟಿ’ಯಲ್ಲಿ ಮಾಯವಾಗುತ್ತದೆ.

ಕನ್ನಡದಲ್ಲಿ ಎಣಿಸುವವರು ಇಲ್ಲಿನ ವ್ಯತ್ಯಾಸವನ್ನು ಥಟ್ಟನೆ ಗ್ರಹಿಸಬಲ್ಲರು. ಹನ್ನೊಂದು, ಹದಿನಾಲ್ಕು, ಇಪ್ಪತ್ತನಾಲ್ಕು ಎಂಬ ಪದಗಳಲ್ಲಿ ಹತ್ತರ ಸ್ಥಾನ ಯಾವಾಗಲೂ ಮೊದಲು ಬರುತ್ತದೆ, ಅಂಕಿಯಲ್ಲಿ ಬರೆಯುವ ಕ್ರಮವೂ ಅದೇ. ನಮ್ಮ ತೊಂಬತ್ತು ಮತ್ತು ಒಂಬೈನೂರು ಈ ನೇರ್ಪಿನಿಂದ ಸ್ವಲ್ಪ ಹೊರಗುಳಿಯುತ್ತವೆಯಾದರೂ ಅವು ಎಣಿಕೆಯ ದಿಕ್ಕನ್ನು ತಿರುಗಿಸುವುದಿಲ್ಲ. ಚೀನೀ ಭಾಷೆಯಲ್ಲಿ 11 ಎಂದರೆ ‘ಹತ್ತು ಒಂದು’, 20 ಎಂದರೆ ‘ಎರಡು ಹತ್ತು’; ಅಲ್ಲಿ ಅಪವಾದವೇ ಇಲ್ಲ. ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಶಾಲೆಗೆ ಸೇರದ ಚೀನೀ ಮತ್ತು ಅಮೆರಿಕನ್ ಮಕ್ಕಳು ಹತ್ತರವರೆಗಿನ ಎಣಿಕೆಯಲ್ಲಿ ಹೆಚ್ಚುಕಡಿಮೆ ಸಮನಾಗಿದ್ದು, ಹತ್ತು ಮತ್ತು ಇಪ್ಪತ್ತರ ನಡುವೆ ಅಮೆರಿಕನ್ ಮಕ್ಕಳು ಹಿಂದೆ ಬಿದ್ದದ್ದು ಕಂಡುಬಂದಿತು. ಗಣಿತ ಕಲಿಕೆಯ ಮೇಲೆ ಮನೆ, ಶಾಲೆ, ಅಭ್ಯಾಸ ಎಲ್ಲವೂ ಪ್ರಭಾವ ಬೀರುತ್ತವೆ ಎಂಬುದನ್ನು ಮರೆಯಬಾರದು; ಆದರೂ ತೊಡಕು ಸರಿಯಾಗಿ ಪದಗಳು ಕೆಡುವ ಜಾಗದಲ್ಲಿಯೇ ಆರಂಭವಾಗುತ್ತದೆ ಎಂಬುದನ್ನು ನಾನು ಲಘುವಾಗಿ ಕಾಣಲಾರೆ.

ಹಾಗಾದರೆ ಲ್ಯಾಟಿನ್ ಇಲ್ಲಿ ಏನು ಮಾಡಬಲ್ಲದು? ಅದರ ಪರವಾಗಿ ಹೇಳುವ ಮೊದಲ ಮಾತೆಂದರೆ, ಅದರ ಸಂಖ್ಯಾಮೂಲಗಳು ಇಂಗ್ಲಿಷ್ ಓದುಗರಿಗೆ ಹೊಸವಲ್ಲ. ‘ಯೂನಿಫಾರ್ಮ್’, ‘ಟ್ರಯಾಂಗಲ್’, ‘ಕ್ವಿಂಟೆಟ್’, ‘ಡೆಸಿಮಲ್’, ‘ಸೆಂಚುರಿ’, ‘ಮಿಲೇನಿಯಮ್’ ಮುಂತಾದ ಪದಗಳ ಮೂಲಕ ಅವು ಆಗಲೇ ಬಳಕೆಯಲ್ಲಿವೆ. ಸಂಖ್ಯಾಪದಗಳ ಕೋಟೆಯೊಳಗೂ ಲ್ಯಾಟಿನ್ ಹಿಂದೆಯೇ ಪ್ರವೇಶಿಸಿದೆ. ಎರಡನೆಯದು ಎನ್ನಲು ಹಳೆಯ ಇಂಗ್ಲಿಷಿನಲ್ಲಿ ಬಳಸುತ್ತಿದ್ದ ಪದವೇ ಇಂದಿನ ‘ಅದರ್’. ಆ ಸ್ಥಾನವನ್ನು ಲ್ಯಾಟಿನ್ನಿನ ‘ಸೆಕುಂಡುಸ್’ ಫ್ರೆಂಚ್ ಮೂಲಕ ಬಂದು ‘ಸೆಕೆಂಡ್’ ಎಂಬ ರೂಪದಲ್ಲಿ ಆಕ್ರಮಿಸಿತು. ‘ಡಜನ್’, ‘ಕ್ವಾರ್ಟರ್’, ‘ಮಿಲಿಯನ್’ ಇವೂ ಲ್ಯಾಟಿನ್ ಕುಲದವು. ‘ಝೀರೋ’ ಅರಬ್ಬಿಯಿಂದ ಇಟಲಿಯ ದಾರಿಯಾಗಿ ಬಂತು. ಹಳೆಯ ಇಂಗ್ಲಿಷಿನಲ್ಲಿ 70, 80, 90ರ ಹೆಸರುಗಳ ಆರಂಭದಲ್ಲಿ ‘ಹುಂಡ್’ ಎಂಬ ಒಂದು ಭಾಗವಿತ್ತು, ಅದು ಕ್ರಮೇಣ ಉದುರಿಹೋಯಿತು. ‘ಫೋರ್ ಅಂಡ್ ಟ್ವೆಂಟಿ’ ಎಂದು ಬಿಡಿಯನ್ನು ಮೊದಲು ಹೇಳುತ್ತಿದ್ದ ಭಾಷೆ ಕಾಲಾಂತರದಲ್ಲಿ ‘ಟ್ವೆಂಟಿ ಫೋರ್’ ಎಂಬುದಕ್ಕೆ ಒಗ್ಗಿಕೊಂಡಿತು. ಸಂಖ್ಯಾಪದಗಳು ಬದಲಾಗುವುದೇ ಇಲ್ಲ ಎಂಬ ವಾದಕ್ಕೆ ಇಂಗ್ಲಿಷಿನ ಚರಿತ್ರೆಯಲ್ಲಿ ಆಧಾರವಿಲ್ಲ.

ಆದರೆ ಲ್ಯಾಟಿನ್ನಿನ ಸಂಖ್ಯಾಪದಗಳನ್ನು ಇದ್ದ ಹಾಗೆಯೇ ಎತ್ತಿ ತಂದರೆ ಅಸ್ತವ್ಯಸ್ತತೆಯನ್ನೂ ಜೊತೆಗೇ ತಂದಂತಾಗುತ್ತದೆ. ‘ಉಂಡೆಕಿಮ್’, ‘ಡುಯೊಡೆಕಿಮ್’, ‘ಟ್ರೆಡೆಕಿಮ್’ ಎಂಬ 11, 12, 13ರ ಪದಗಳಲ್ಲಿ ಬಿಡಿಯೇ ಮೊದಲು, ಹತ್ತು ಆಮೇಲೆ. ಇಂಗ್ಲಿಷಿನ ‘ಟೀನ್’ಗಳ ದೋಷವೇ ಇದು. 18ಕ್ಕೆ ಬಂದಾಗ ರೋಮನ್ನರು ‘ಡುಯೊಡೆವಿಗಿಂಟಿ’, ಎಂದರೆ ಇಪ್ಪತ್ತಕ್ಕೆ ಎರಡು ಕಡಿಮೆ ಎನ್ನುತ್ತಿದ್ದರು, 19ಕ್ಕೆ ಇಪ್ಪತ್ತಕ್ಕೆ ಒಂದು ಕಡಿಮೆ ಎನ್ನುತ್ತಿದ್ದರು. ಈ ಗೊಂದಲವನ್ನು ಬಳುವಳಿಯಾಗಿ ಪಡೆದ ಮಗಳು ಭಾಷೆಗಳು ತಮ್ಮ ತಮ್ಮ ರೀತಿಯಲ್ಲಿ ಅದನ್ನು ತಿದ್ದಲು ಯತ್ನಿಸಿವೆ: ಸ್ಪ್ಯಾನಿಷ್ 16ರಲ್ಲಿ ಕ್ರಮವನ್ನು ತಿರುಗಿಸಿ ಹತ್ತನ್ನು ಮುಂದಕ್ಕೆ ತರುತ್ತದೆ, ಫ್ರೆಂಚ್ ಮತ್ತು ಇಟಾಲಿಯನ್ 17ರಲ್ಲಿ ತಿರುಗಿಸುತ್ತವೆ. ಫ್ರಾನ್ಸಿನಲ್ಲಿ 70ನ್ನು ‘ಅರವತ್ತು ಹತ್ತು’ ಎಂದೂ 80ನ್ನು ‘ನಾಲ್ಕು ಇಪ್ಪತ್ತು’ ಎಂದೂ ಇಂದಿಗೂ ಎಣಿಸುತ್ತಾರೆ. ಆದ್ದರಿಂದ ಲ್ಯಾಟಿನ್ ಮೂಲದ ಕ್ರಮಬದ್ಧ ಪದ್ಧತಿ ಎಂದಾಗ ನಾವು ತೆಗೆದುಕೊಳ್ಳಬಹುದಾದದ್ದು ಅದರ ಬೇರುಗಳನ್ನು ಮಾತ್ರ. ಕ್ರಮವನ್ನು ನಾವೇ ಕಟ್ಟಬೇಕು.

ಹೀಗೆ ಕಟ್ಟಿದವರು ಇದ್ದಾರೆ. 1887ರಲ್ಲಿ ಝಾಮೆನ್‌ಹಾಫ್ ಪ್ರಕಟಿಸಿದ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ‘ಉನು, ಡು, ಟ್ರಿ’ ಎಂಬ ಅಂಕೆಗಳೂ ‘ಡೆಕ್, ತ್ಸೆಂಟ್, ಮಿಲ್’ ಎಂಬ ಹತ್ತು, ನೂರು, ಸಾವಿರಗಳೂ ಇವೆ. 12 ‘ಡೆಕ್ ಡು’, 20 ‘ಡುಡೆಕ್’, 23 ‘ಡುಡೆಕ್ ಟ್ರಿ’. ನಿಯಮ ಒಂದೇ, ಅಪವಾದವಿಲ್ಲ. ಕಲಿಯಲು ಇದಕ್ಕಿಂತ ಸುಲಭವಾದದ್ದು ಇರಲಾರದು. ಆದರೆ ‘ಡೆಕ್ ಡು’ ಮತ್ತು ‘ಡುಡೆಕ್’ ಎರಡರಲ್ಲಿಯೂ ಇರುವುದು ಅವೇ ಧ್ವನಿಗಳು, ಬೇರೆಯಾಗಿರುವುದು ಅವುಗಳ ಸ್ಥಾನ ಮಾತ್ರ. ಸದ್ದುಗದ್ದಲದ ನಡುವೆ ಅರ್ಧ ಕೇಳಿಸಿದ ಮಾತಿನಿಂದ 12 ಮತ್ತು 20ನ್ನು ಬೇರ್ಪಡಿಸುವುದು ಕಷ್ಟ. ‘ಥರ್ಟೀನ್’ ಮತ್ತು ‘ಥರ್ಟಿ’ಯ ತೊಂದರೆಯನ್ನು ನೀಗಲು ಹೊರಟು ಇನ್ನೊಂದು ಜೋಡಿಯನ್ನು ಸೃಷ್ಟಿಸಿದಂತಾಗುತ್ತದೆ.

ಈ ತೊಡಕಿಗೆ ಲ್ಯಾಟಿನ್ನಿನೊಳಗೇ ಒಂದು ಪರಿಹಾರವಿದೆ ಎಂದು ನನಗೆ ತೋರುತ್ತದೆ. 30ರಿಂದ 90ರವರೆಗಿನ ಲ್ಯಾಟಿನ್ ಪದಗಳು ‘ಗಿಂಟ’ ಎಂಬ ಒಂದೇ ಅಂತ್ಯವನ್ನು ಹೊಂದಿವೆ: ‘ಟ್ರಿಗಿಂಟ’, ‘ಕ್ವಾಡ್ರಗಿಂಟ’, ‘ಕ್ವಿಂಕ್ವಗಿಂಟ’. ಇಪ್ಪತ್ತರ ‘ವಿಗಿಂಟಿ’ಯನ್ನು ‘ಬಿಗಿಂಟ’ ಎಂದು ತಿದ್ದಿಕೊಂಡರೆ ಸಾಲು ಪೂರ್ತಿಯಾಗುತ್ತದೆ. ಆಗ 13 ‘ಡೆಕ್‌ಟ್ರಿ’ ಆದರೆ 30 ‘ಟ್ರಿಗಿಂಟ’ ಆಗುತ್ತದೆ, ಇವುಗಳನ್ನು ಯಾರೂ ಒಂದರ ಬದಲು ಇನ್ನೊಂದಾಗಿ ಕೇಳಿಸಿಕೊಳ್ಳಲಾರರು. ಆದರೂ ಈ ರಚನೆ ಇಂಗ್ಲಿಷಿನಲ್ಲಿ ನಿಲ್ಲುತ್ತದೆಂದು ನಾನು ಹೇಳಲಾರೆ. ‘ಫಿಫ್ಟಿ’ ಎಂಬುದು ಎರಡು ಉಚ್ಚಾರಾಂಶಗಳ ಪದ, ‘ಕ್ವಿಂಕ್ವಗಿಂಟ’ ನಾಲ್ಕು ಉಚ್ಚಾರಾಂಶಗಳದು. ದಿನಕ್ಕೆ ನೂರು ಸಲ ಬಾಯಲ್ಲಿ ಹೊರಳುವ ಪದ ಸವೆದು ಚಿಕ್ಕದಾಗುತ್ತದೆ. ಚಿಕ್ಕದಾಗಿರುವ ಪದವನ್ನು ಹಿಗ್ಗಿಸಿ ಬಳಕೆಗೆ ತಂದ ಉದಾಹರಣೆ ಯಾವ ಭಾಷೆಯಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ಇದಲ್ಲದೆ ಇಂಗ್ಲಿಷಿನಲ್ಲಿ ‘ಅನ್’ ಮತ್ತು ‘ನಾನ್’ ನಿಷೇಧದ ಪೂರ್ವಪ್ರತ್ಯಯಗಳು, ‘ಸೆಂಟ್’ ಒಂದು ನಾಣ್ಯ, ಲ್ಯಾಟಿನ್ನಿನ ಆರು ಇಂಗ್ಲಿಷ್ ಕಿವಿಗೆ ಬೇರೆಯೇ ಅರ್ಥವನ್ನು ಕೊಡುತ್ತದೆ. ಗಣಕ ಲೋಕದ ಹದಿನಾರರ ಎಣಿಕೆಗೆ ‘ಹೆಕ್ಸಾಡೆಸಿಮಲ್’ ಎಂಬ ಗ್ರೀಕ್ ಮತ್ತು ಲ್ಯಾಟಿನ್ ಬೆರಕೆಯ ಹೆಸರು ನೆಲೆಗೊಂಡಿದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಲ್ಯಾಟಿನ್ ಮೂಲದ ಕ್ರಮಬದ್ಧ ಅಂಕೆಗಳು ಕೇವಲ ಕಲ್ಪನೆಯಾಗಿ ಉಳಿದಿಲ್ಲ, ಅವುಗಳಿಗೆ ಅಧಿಕೃತ ಮನ್ನಣೆ ದೊರೆತದ್ದೂ ಉಂಟು. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ, ಇನ್ನೂ ಹೆಸರಿಡದ ಧಾತುಗಳನ್ನು ಅವುಗಳ ಪರಮಾಣು ಸಂಖ್ಯೆಯಿಂದಲೇ ಕರೆಯುವ ಪದ್ಧತಿಯನ್ನು 1978ರಲ್ಲಿ ಶಿಫಾರಸು ಮಾಡಿತು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳಿಗೆ ಅದು ಆರಿಸಿದ ಮೂಲಗಳು ‘ನಿಲ್, ಉನ್, ಬಿ, ಟ್ರಿ, ಕ್ವಾಡ್, ಪೆಂಟ್, ಹೆಕ್ಸ್, ಸೆಪ್ಟ್, ಆಕ್ಟ್, ಎನ್’. ಲ್ಯಾಟಿನ್ ಸಾಲದ ಕಡೆ ಗ್ರೀಕನ್ನು ಬೆರೆಸಿದ್ದಕ್ಕೆ ಕಾರಣವಿದೆ: ಹತ್ತು ಮೂಲಗಳ ಮೊದಲ ಅಕ್ಷರಗಳೂ ರೋಮನ್ ಲಿಪಿಯಲ್ಲಿ ಬೇರೆ ಬೇರೆಯಾಗಿರಬೇಕಿತ್ತು. ಶುದ್ಧ ಲ್ಯಾಟಿನ್ನಿನಲ್ಲಿ ನಾಲ್ಕೂ ಐದೂ ಒಂದೇ ಅಕ್ಷರದಿಂದ, ಆರೂ ಏಳೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಈ ಪದ್ಧತಿಯಂತೆ 118ನೆಯ ಧಾತು ‘ಉನುನಾಕ್ಟಿಯಮ್’, 112ನೆಯದು ‘ಉನುನ್ಬಿಯಮ್’, 111ನೆಯದು ‘ಉನುನುನಿಯಮ್’ ಆದವು. ನಿಯಮದ ದೃಷ್ಟಿಯಿಂದ ಇವು ನಿರ್ದೋಷವಾದ ಹೆಸರುಗಳು. ಆದರೆ ಆ ಧಾತುಗಳ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳೇ ಇವುಗಳನ್ನು ಹೆಚ್ಚಾಗಿ ಬಳಸಲಿಲ್ಲ. ‘ಎಲಿಮೆಂಟ್ 118’ ಎಂದು ಸಾಮಾನ್ಯ ಇಂಗ್ಲಿಷ್ ಸಂಖ್ಯೆಯನ್ನೇ ಹೇಳಿದರು, 2016ರಲ್ಲಿ ‘ಓಗನೆಸ್ಸಾನ್’ ಎಂಬ ಶಾಶ್ವತ ಹೆಸರು ಬಂದೊಡನೆ ಹಳೆಯದು ಮರೆಯಾಯಿತು. ಇದರಿಂದ ನಾನು ಕಲಿಯುವುದು ಒಂದೇ ಮಾತು: ಪೂರ್ಣ ಕ್ರಮಬದ್ಧತೆ ಪದಗಳನ್ನು ಒಂದರಂತೆ ಒಂದು ಕೇಳಿಸುವ ಹಾಗೆ ಮಾಡುತ್ತದೆ. ಅಪವಾದಗಳು ಕಲಿಯುವವರಿಗೆ ಹೊರೆಯಾದರೂ ಕೇಳುವವರಿಗೆ ಗುರುತಾಗುತ್ತವೆ.

ಹಡಗು ಮತ್ತು ರೇಡಿಯೊ ಸಂಪರ್ಕದ ಜಗತ್ತಿನಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಗಳಲ್ಲಿ ಅಂಕೆಗಳಿಗೆ ‘ಉನಾವನ್’, ‘ಬಿಸ್ಸೊಟೂ’, ‘ಟೆರ್ರಾಥ್ರೀ’, ‘ಕಾರ್ಟೆಫೋರ್’, ‘ಸೆಟ್ಟೆಸೆವೆನ್’ ಎಂಬಂತಹ ಜೋಡುಪದಗಳಿವೆ; ಮುಂದಿನ ಅರ್ಧ ಲ್ಯಾಟಿನ್ ಮತ್ತು ಗ್ರೀಕ್ ಕುಟುಂಬದ್ದು, ಹಿಂದಿನ ಅರ್ಧ ಇಂಗ್ಲಿಷಿನದು. ಒಂದು ಅರ್ಧ ಕೇಳಿಸದಿದ್ದರೂ ಇನ್ನೊಂದು ಕೈಹಿಡಿಯುತ್ತದೆ ಎಂಬ ಯೋಚನೆ ನಿಜಕ್ಕೂ ಪ್ರಶಂಸನೀಯ. ಹಾಗಿದ್ದರೂ ವಿಮಾನಯಾನದಲ್ಲಿ ಮತ್ತು ಹಡಗುಗಳ ಪ್ರಮಾಣಿತ ಮಾತುಗಳಲ್ಲಿ ಗೆದ್ದದ್ದು ಇಂಗ್ಲಿಷ್ ಅಂಕೆಗಳನ್ನೇ ತುಸು ತಿರುಚಿದ ‘ಟ್ರೀ’, ‘ಫವರ್’, ‘ಫೈಫ್’, ‘ನೈನರ್’ ಎಂಬ ಉಚ್ಚಾರಣೆಗಳು. ಜನ ಹೊಸ ಪದಕ್ಕಿಂತ ಹಳೆಯ ಪದದ ಸಣ್ಣ ತಿದ್ದುಪಡಿಯನ್ನು ಬೇಗ ಒಪ್ಪುತ್ತಾರೆ.

ನಾರ್ವೆಯ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ 25ನ್ನು ‘ಐದು ಮತ್ತು ಇಪ್ಪತ್ತು’ ಎಂದು ಹೇಳುವ ರೂಢಿಯಿತ್ತು. ದೂರವಾಣಿ ಸಂಖ್ಯೆಗಳನ್ನು ಬಾಯಲ್ಲಿ ಹೇಳುವಾಗ ಅಂಕೆಗಳು ಹಿಂದುಮುಂದಾಗುತ್ತಿದ್ದುದರಿಂದ ದೂರವಾಣಿ ಇಲಾಖೆ ಬದಲಾವಣೆಯನ್ನು ಬಯಸಿತು, ಸಂಸತ್ತು ಒಪ್ಪಿತು, ಮತ್ತು 1951ರ ಜುಲೈ 1ರಿಂದ ‘ಇಪ್ಪತ್ತು ಐದು’ ಎಂಬ ಕ್ರಮ ಶಾಲೆ ಮತ್ತು ಸರ್ಕಾರದ ಬಳಕೆಗೆ ಬಂತು. ಅವರು ಇದಕ್ಕಾಗಿ ಬೇರೆ ಭಾಷೆಯಿಂದ ಪದಗಳನ್ನು ತರಿಸಲಿಲ್ಲ. ಇದ್ದ ಪದಗಳ ಕ್ರಮವನ್ನು ತಿರುಗಿಸಿ, ಒಂದೆರಡು ರೂಪಗಳನ್ನು ತಿದ್ದಿದರು. ಇಷ್ಟು ಚಿಕ್ಕ ಬದಲಾವಣೆಯೂ ಪೂರ್ತಿಯಾಗಿ ನೆಲೆಗೊಳ್ಳದೆ, ಹಳೆಯ ಕ್ರಮ ಮಾತಿನಲ್ಲಿ ದಶಕಗಳ ಕಾಲ ಉಳಿದುಕೊಂಡಿತು. ವೇಲ್ಸ್ ಭಾಷೆಯಲ್ಲಿ 18ನ್ನು ‘ಎರಡು ಒಂಬತ್ತು’ ಎಂದೂ 19ನ್ನು ‘ಹದಿನೈದರ ಮೇಲೆ ನಾಲ್ಕು’ ಎಂದೂ ಹೇಳುವ ಹಳೆಯ ಪದ್ಧತಿಯ ಪಕ್ಕದಲ್ಲಿ ‘ಒಂದು ಹತ್ತು ಎಂಟು’ ಎಂಬ ನೇರ ದಶಮಾನ ಪದ್ಧತಿ ಬೆಳೆಯಿತು. ಶಾಲೆಯ ಲೆಕ್ಕಕ್ಕೆ ಹೊಸದು, ದಿನಾಂಕ ಮತ್ತು ಗಡಿಯಾರದ ಹೊತ್ತಿಗೆ ಹಳೆಯದು ಎಂದು ಎರಡೂ ಒಟ್ಟಿಗೆ ಬಾಳುತ್ತಿವೆ. ಇಂಗ್ಲಿಷಿನ ಚಿಕ್ಕ ಸಂಖ್ಯೆಗಳಿಗೆ ಯಾವುದಾದರೂ ಸುಧಾರಣೆ ಸಾಧ್ಯವಿದ್ದರೆ ಅದು ಈ ಮಾದರಿಯದು: ಎಳೆಯ ಮಕ್ಕಳಿಗೆ ಎಣಿಕೆ ಕಲಿಸುವಾಗ ‘ಟೆನ್ ಒನ್, ಟೆನ್ ಟೂ’ ಎಂದು ಅವರ ಸ್ವಂತ ಪದಗಳನ್ನೇ ನೇರವಾದ ಕ್ರಮದಲ್ಲಿ ಜೋಡಿಸುವುದು. ಅದಕ್ಕೆ ಲ್ಯಾಟಿನ್ ಬೇಕಿಲ್ಲ.

ದೊಡ್ಡ ಸಂಖ್ಯೆಗಳ ಕಥೆಯೇ ಬೇರೆ, ಮತ್ತು ಅದು ಕೊಂಚ ವಿಷಾದದ ಕಥೆ, ಏಕೆಂದರೆ ಅಲ್ಲಿ ಆರಂಭದಲ್ಲಿ ಸೊಗಸಾದ ನಿಯಮವೊಂದಿತ್ತು. ರೋಮನ್ನರಿಗೆ ಸಾವಿರದ ಆಚೆಗೆ ಸ್ವತಂತ್ರ ಪದವಿರಲಿಲ್ಲ. ಹತ್ತು ಲಕ್ಷವನ್ನು ಅವರು ‘ಹತ್ತು ಸಲ ನೂರು ಸಾವಿರ’ ಎಂದು ಹೇಳುತ್ತಿದ್ದರು. ಮಧ್ಯಯುಗದ ಇಟಲಿಯಲ್ಲಿ ‘ಮಿಲ್ಲೆ’ ಎಂಬ ಸಾವಿರಕ್ಕೆ ಹಿರಿದನ್ನು ಸೂಚಿಸುವ ಪ್ರತ್ಯಯ ಸೇರಿ ‘ಮಿಲಿಯೋನೆ’, ಎಂದರೆ ದೊಡ್ಡ ಸಾವಿರ, ಹುಟ್ಟಿತು. 1484ರಲ್ಲಿ ನಿಕೊಲಾ ಶುಕೆ ಎಂಬ ಫ್ರೆಂಚ್ ಗಣಿತಜ್ಞ ತನ್ನ ಹಸ್ತಪ್ರತಿಯಲ್ಲಿ ದೊಡ್ಡ ಸಂಖ್ಯೆಯೊಂದನ್ನು ಆರಾರು ಅಂಕೆಗಳ ಗುಂಪುಗಳಾಗಿ ವಿಂಗಡಿಸಿ, ಮಿಲಿಯನ್, ಬಿಲಿಯನ್, ಟ್ರಿಲಿಯನ್, ಕ್ವಾಡ್ರಿಲಿಯನ್ ಎಂದು ಒಂಬತ್ತರವರೆಗೆ ಹೆಸರಿಟ್ಟ. ಬಿಲಿಯನ್ ಎಂದರೆ ಎರಡು ಮಿಲಿಯನ್ನುಗಳ ಗುಣಲಬ್ಧ, ಟ್ರಿಲಿಯನ್ ಎಂದರೆ ಮೂರರ ಗುಣಲಬ್ಧ. ಹೆಸರಿನೊಳಗಿನ ಲ್ಯಾಟಿನ್ ಅಂಕೆ ಮಿಲಿಯನ್ ಎಷ್ಟು ಸಲ ಬರುತ್ತದೆ ಎಂಬುದನ್ನು ತಪ್ಪಿಲ್ಲದೆ ಹೇಳುತ್ತಿತ್ತು. ಆ ಹಸ್ತಪ್ರತಿ ಮುದ್ರಣವಾದದ್ದು 1880ರಲ್ಲಿ, ಆದರೆ ಹೆಸರುಗಳು ಅದಕ್ಕೂ ಮುಂಚೆಯೇ ಹರಡಿದ್ದವು.

ಕೆಟ್ಟದ್ದು ಹದಿನೇಳನೆಯ ಶತಮಾನದಲ್ಲಿ. ಫ್ರಾನ್ಸಿನಲ್ಲಿ ಆರಾರು ಅಂಕೆಗಳ ಗುಂಪಿನ ಬದಲು ಮೂರು ಮೂರು ಅಂಕೆಗಳ ಗುಂಪು ರೂಢಿಗೆ ಬಂದಂತೆ, ಕೆಲವರು ಮಿಲಿಯನ್ನಿನ ಮುಂದಿನ ಗುಂಪಿಗೇ ಬಿಲಿಯನ್ ಎಂಬ ಹೆಸರನ್ನು ಅಂಟಿಸಿದರು. ಆಗ ಬಿಲಿಯನ್ 12 ಸೊನ್ನೆಗಳಿಂದ 9 ಸೊನ್ನೆಗಳಿಗೆ ಇಳಿಯಿತು, ಮತ್ತು ಲ್ಯಾಟಿನ್ ಅಂಕೆ ಅರ್ಥವನ್ನು ಕಳೆದುಕೊಂಡಿತು. ಹೊಸ ಲೆಕ್ಕದಲ್ಲಿ ಬಿಲಿಯನ್ ಮೂರು ಸಾವಿರಗಳ ಗುಣಲಬ್ಧ, ಟ್ರಿಲಿಯನ್ ನಾಲ್ಕರದು, ಕ್ವಿಂಟಿಲಿಯನ್ ಆರರದು. ಪ್ರತಿ ಹೆಸರೂ ಒಂದು ಕಡಿಮೆ ಎಣಿಸುತ್ತದೆ. ಅಮೆರಿಕ ಈ ಪದ್ಧತಿಯನ್ನು ಹಿಡಿಯಿತು. ಬ್ರಿಟನ್ ಹಳೆಯದಕ್ಕೇ ಅಂಟಿಕೊಂಡಿದ್ದು, 1974ರ ಡಿಸೆಂಬರಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸರ್ಕಾರದ ಅಂಕಿಅಂಶಗಳಲ್ಲಿ ಬಿಲಿಯನ್ ಎಂದರೆ ಸಾವಿರ ಮಿಲಿಯನ್ ಎಂದು ಸಂಸತ್ತಿಗೆ ತಿಳಿಸಿದ ಮೇಲೆ ಅಧಿಕೃತವಾಗಿ ಬದಲಾಯಿತು. ಇತ್ತ ಗೊಂದಲದ ಮೂಲವಾದ ಫ್ರಾನ್ಸ್ 1961ರಲ್ಲಿ ಶುಕೆಯ ಹಳೆಯ ಅರ್ಥಕ್ಕೇ ಮರಳಿತು. ಪರಿಣಾಮವಾಗಿ ಇಂದು ಇಂಗ್ಲಿಷಿನ ಬಿಲಿಯನ್ ಜರ್ಮನ್ನಿನಲ್ಲಿ ‘ಮಿಲ್ಯಾರ್ಡೆ’, ಸ್ಪ್ಯಾನಿಷಿನಲ್ಲಿ ‘ಸಾವಿರ ಮಿಲಿಯನ್’. ಜರ್ಮನ್ನಿನ ‘ಬಿಲಿಯೋನ್’ ಇಂಗ್ಲಿಷಿನ ಟ್ರಿಲಿಯನ್. ಒಂದೇ ಪದದ ಎರಡು ಅರ್ಥಗಳ ನಡುವೆ ಸಾವಿರ ಪಟ್ಟು ಅಂತರವಿರುವ ಸ್ಥಿತಿ ಬೇರೆ ಯಾವ ಅಳತೆಯಲ್ಲಿಯೂ ಸಹಿಸಲ್ಪಡುತ್ತಿರಲಿಲ್ಲ. ಅಳತೆಯ ಅಂತರರಾಷ್ಟ್ರೀಯ ಪದ್ಧತಿಯ ಅಧಿಕೃತ ಕೈಪಿಡಿ ‘ಬಿಲಿಯನ್ನಿನಲ್ಲಿ ಇಷ್ಟು ಭಾಗ’ ಎಂಬ ಸಂಕ್ಷೇಪವನ್ನು ಬಳಸದಿರುವುದು ಒಳ್ಳೆಯದೆಂದು ಸಲಹೆ ನೀಡುವುದೂ ಈ ಕಾರಣಕ್ಕಾಗಿಯೇ.

ಅದೇ ಅಂತರರಾಷ್ಟ್ರೀಯ ಪದ್ಧತಿ ತನ್ನ ಪೂರ್ವಪ್ರತ್ಯಯಗಳನ್ನು ಆರಿಸುವಾಗ ಎಚ್ಚರ ವಹಿಸಿದೆ. 1975ರಲ್ಲಿ ಸೇರಿಸಿದ ‘ಪೆಟಾ’ ಗ್ರೀಕಿನ ಐದನ್ನು, ‘ಎಕ್ಸಾ’ ಆರನ್ನು ನೆನಪಿಸುತ್ತವೆ. 1991ರ ‘ಝೆಟ್ಟಾ’ ಏಳನ್ನು, ‘ಯೋಟ್ಟಾ’ ಎಂಟನ್ನು. 2022ರ ನವೆಂಬರಿನಲ್ಲಿ ಒಪ್ಪಿದ ‘ರೊನ್ನಾ’ ಮತ್ತು ‘ಕ್ವೆಟ್ಟಾ’ ಒಂಬತ್ತನ್ನೂ ಹತ್ತನ್ನೂ ದೂರದಿಂದ ಧ್ವನಿಸುತ್ತವೆ. ಈ ಎಲ್ಲ ಅಂಕೆಗಳೂ ಸಾವಿರ ಎಷ್ಟು ಸಲ ಗುಣವಾಗಿದೆ ಎಂಬುದನ್ನು ನೇರವಾಗಿ ಎಣಿಸುತ್ತವೆ. ಮೂರು ಮೂರು ಅಂಕೆಗಳ ಗುಂಪಿಗೆ ಹೊಂದುವ ಸರಿಯಾದ ಲೆಕ್ಕ ಇದೇ. ಇಂಗ್ಲಿಷಿನ ದೊಡ್ಡ ಸಂಖ್ಯಾಪದಗಳಿಗೂ ಈ ಲೆಕ್ಕವನ್ನೇ ಕೊಡಬೇಕೆಂಬುದು ನನ್ನ ಸಲಹೆಯ ತಿರುಳು.

ಇಲ್ಲಿ ಒಂದು ಬಲೆಯನ್ನು ತಪ್ಪಿಸಬೇಕು. ಇರುವ ಹೆಸರುಗಳನ್ನೇ ಇಟ್ಟುಕೊಂಡು ಅವುಗಳ ಅರ್ಥವನ್ನು ಬದಲಿಸಿದರೆ, ಹದಿನೇಳನೆಯ ಶತಮಾನದ ಅನಾಹುತವನ್ನೇ ಮರುಕಳಿಸಿದಂತೆ. ಆದ್ದರಿಂದ ಅಂತ್ಯ ಹೊಸದಾಗಿರಬೇಕು. ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಸೂಚಿಸಿದ ಪದ್ಧತಿ, ಹೆಸರಿನ ಒಂದು ಅಕ್ಷರವನ್ನು ಬದಲಿಸಿ ಪ್ರತಿ ಮೆಟ್ಟಿಲಿನಲ್ಲಿಯೂ ಸೊನ್ನೆಗಳನ್ನು ಇಮ್ಮಡಿಗೊಳಿಸುತ್ತದೆ. ಗಣಿತದ ದೃಷ್ಟಿಯಿಂದ ಅದು ಚೆಲುವಾದ ರಚನೆ, ಆದರೆ ಕಿವಿಗೆ ಹಳೆಯ ಹೆಸರಿನಂತೆಯೇ ಕೇಳಿಸುವುದರಿಂದ ನನಗೆ ಒಪ್ಪಿಗೆಯಿಲ್ಲ. ಗ್ರೀಕ್ ಮೂಲಗಳಿಂದ ‘ಗಿಲಿಯನ್’, ‘ಟೆಟ್ರಿಲಿಯನ್’, ‘ಪೆಂಟಿಲಿಯನ್’ ಎಂದು ಕಟ್ಟಿದ ಇನ್ನೊಂದು ಸಲಹೆ ಎಣಿಕೆಯನ್ನು ಸರಿಪಡಿಸುತ್ತದೆ, ಆದರೆ ‘ಇಲಿಯನ್’ ಎಂಬ ಬಾಲವನ್ನು ಉಳಿಸಿಕೊಂಡು ಹಳೆಯ ಸಾಲಿನ ನೆರಳಿನಲ್ಲಿಯೇ ನಿಲ್ಲುತ್ತದೆ. ಸಾವಿರಕ್ಕೆ ಸಲ್ಲುವ ‘ಮಿಲ್’ ಎಂಬುದನ್ನೇ ಅಂತ್ಯವಾಗಿ ಬಳಸುವುದೂ ಸಾಧ್ಯವಿಲ್ಲ, ಏಕೆಂದರೆ ‘ಟ್ರಿಮಿಲ್’ ಎಂದೊಡನೆ ಇಟಾಲಿಯನ್ ಬಲ್ಲವರಿಗೆ ಕೇಳಿಸುವುದು ಮೂರು ಸಾವಿರ.

ನಾನು ಮುಂದಿಡುವುದು ಲ್ಯಾಟಿನ್ನಿನ ಕ್ರಮಸೂಚಕ ಮೂಲಗಳನ್ನು: ಮೂರನೆಯದು, ನಾಲ್ಕನೆಯದು ಎಂಬ ಅರ್ಥದ ‘ಟರ್ಟಿ, ಕ್ವಾರ್ಟಿ, ಕ್ವಿಂಟಿ’. ಅವುಗಳಿಗೆ ‘ಮಿರಿಯಡ್’ ಎಂಬ ಪದದಿಂದ ಇಂಗ್ಲಿಷರಿಗೆ ಪರಿಚಿತವಾಗಿರುವ ‘ಯಡ್’ ಎಂಬ ಅಂತ್ಯ ಸೇರಲಿ. ಸಾವಿರ ಮತ್ತು ಮಿಲಿಯನ್ ಯಾವ ಭಾಷೆಯಲ್ಲಿಯೂ ಗೊಂದಲ ಉಂಟುಮಾಡಿಲ್ಲವಾದ್ದರಿಂದ ಅವು ಇದ್ದಂತೆಯೇ ಇರಲಿ. ಸಾವಿರದ ಮೂರನೆಯ ಮೆಟ್ಟಿಲಾದ 9 ಸೊನ್ನೆಗಳ ಸಂಖ್ಯೆ ‘ಟರ್ಟಿಯಡ್’, 12 ಸೊನ್ನೆಗಳದು ‘ಕ್ವಾರ್ಟಿಯಡ್’, 15 ಸೊನ್ನೆಗಳದು ‘ಕ್ವಿಂಟಿಯಡ್’, 18ರದು ‘ಸೆಕ್ಸ್ಟಿಯಡ್’, 21ರದು ‘ಸೆಪ್ಟಿಯಡ್’, 24ರದು ‘ಆಕ್ಟಿಯಡ್’, 27ರದು ‘ನೋನಿಯಡ್’, 30ರದು ‘ಡೆಸಿಯಡ್’. ಹೆಸರಿನೊಳಗಿನ ಅಂಕೆಯನ್ನು ಮೂರರಿಂದ ಗುಣಿಸಿದರೆ ಸೊನ್ನೆಗಳ ಸಂಖ್ಯೆ ಸಿಗುತ್ತದೆ, ಬೇರೆ ಲೆಕ್ಕ ಬೇಕಿಲ್ಲ. ‘ಸೆಕ್ಸ್ಟಿಯಡ್’ ಮತ್ತು ‘ಸೆಪ್ಟಿಯಡ್’ ಬಹಳ ಹತ್ತಿರ ಕೇಳಿಸುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದು. ರಸಾಯನಶಾಸ್ತ್ರಜ್ಞರು ಮಾಡಿದಂತೆ ಅಲ್ಲಿ ‘ಹೆಕ್ಸಿಯಡ್’ ಎಂದು ಗ್ರೀಕನ್ನು ಕರೆದುಕೊಳ್ಳುವುದು ನನಗೆ ಒಪ್ಪಿಗೆ. ಲ್ಯಾಟಿನ್ ಮೂಲಕ್ಕೆ ಗ್ರೀಕ್ ಅಂತ್ಯ ಹತ್ತಿಸಿರುವುದನ್ನು ಭಾಷಾಶುದ್ಧಿಯನ್ನು ಬಯಸುವವರು ಒಪ್ಪಲಿಕ್ಕಿಲ್ಲ, ಆದರೆ ಸಂಖ್ಯಾಪದದ ಮೊದಲ ಕರ್ತವ್ಯ ಸಂಖ್ಯೆಯನ್ನು ಸರಿಯಾಗಿ ಹೇಳುವುದು. 30 ಸೊನ್ನೆಗಳ ಆಚೆಗೆ ಮಾತಿನ ಹೆಸರುಗಳಿಗಿಂತ ಹತ್ತರ ಘಾತವನ್ನು ಬರೆಯುವುದೇ ಅನುಕೂಲವಾದ್ದರಿಂದ ಆ ಕಡೆಗೆ ನಾನು ಹೋಗುವುದಿಲ್ಲ.

ದೊಡ್ಡ ಸಂಖ್ಯೆಗಳಲ್ಲಿ ಈ ಬದಲಾವಣೆ ಸಾಧ್ಯವೆಂದು ನಾನು ನಂಬುವುದಕ್ಕೆ ಕಾರಣವಿದೆ. ‘ಇಲೆವೆನ್’ ಎಂಬುದನ್ನು ಮಗು ಎರಡು ಮೂರು ವರ್ಷಕ್ಕೇ ಮನೆಯಲ್ಲಿ ಕಲಿಯುತ್ತದೆ, ಅಲ್ಲಿಗೆ ಯಾವ ಸರ್ಕಾರದ ಆದೇಶವೂ ತಲುಪುವುದಿಲ್ಲ. ‘ಬಿಲಿಯನ್’ ಎಂಬುದನ್ನು ಜನ ಓದಿ ಕಲಿಯುತ್ತಾರೆ. ಅದನ್ನು ಬಳಸುವ ಮುಖ್ಯ ಜಾಗಗಳು ಆಯವ್ಯಯ ಪತ್ರ, ವಾರ್ತೆ, ವೈಜ್ಞಾನಿಕ ಲೇಖನ, ಪಠ್ಯಪುಸ್ತಕ. ಇವೆಲ್ಲಕ್ಕೂ ಸಂಪಾದಕರಿದ್ದಾರೆ, ಶೈಲಿಯ ನಿಯಮಗಳಿವೆ. ಬ್ರಿಟನ್ ಒಂದು ಹೇಳಿಕೆಯ ಬಲದಿಂದ ಬಿಲಿಯನ್ನಿನ ಅರ್ಥವನ್ನೇ ಬದಲಿಸಲು ಸಾಧ್ಯವಾದದ್ದು ಈ ಕಾರಣದಿಂದಲೇ. ಅರ್ಥವನ್ನು ಬದಲಿಸಬಲ್ಲವರು ಪದವನ್ನು ಬದಲಿಸಲಾರರೆಂದು ಹೇಳಲು ನನಗೆ ಆಧಾರ ಕಾಣುವುದಿಲ್ಲ, ಮತ್ತು ಹೊಸ ಪದದಿಂದ ಆಗುವ ತೊಂದರೆ ಹಳೆಯ ಪದದ ಹೊಸ ಅರ್ಥದಿಂದ ಆಗುವ ತೊಂದರೆಗಿಂತ ಚಿಕ್ಕದು: ಗೊತ್ತಿಲ್ಲದ ಪದವನ್ನು ಕಂಡವರು ನಿಂತು ವಿಚಾರಿಸುತ್ತಾರೆ, ಗೊತ್ತಿರುವಂತೆ ಕಾಣುವ ಪದವನ್ನು ಕಂಡವರು ತಪ್ಪಾಗಿ ಅರ್ಥಮಾಡಿಕೊಂಡು ಮುಂದೆ ಹೋಗುತ್ತಾರೆ. ಒಂದೇ ಆಯವ್ಯಯವನ್ನು ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್ ಮೂರರಲ್ಲಿಯೂ ಪ್ರಕಟಿಸಬೇಕಾದ ಯುರೋಪಿಯನ್ ಒಕ್ಕೂಟದಂತಹ ಸಂಸ್ಥೆಗಳಿಗೆ ‘ಟರ್ಟಿಯಡ್’ ನೇರವಾದ ಉಪಯೋಗಕ್ಕೆ ಬರುವ ಪದ. ನಾರ್ವೆಯ ದೂರವಾಣಿ ಇಲಾಖೆಗೆ ಇದ್ದಂತಹ ನಿಜವಾದ ಅಗತ್ಯ ಇಲ್ಲಿಯೂ ಇದೆ.

ಸಂಕ್ಷೇಪಾಕ್ಷರಗಳ ಪ್ರಶ್ನೆಗೂ ಇದರಿಂದ ಒಂದು ದಾರಿ ತೆರೆಯುತ್ತದೆ. ಇಂದು ಅಮೆರಿಕದ ಹಣಕಾಸಿನ ಬರವಣಿಗೆಯಲ್ಲಿ ಒಂದು ‘ಎಂ’ ಅಕ್ಷರ ರೋಮನ್ ಅಂಕಿಯ ಸಾವಿರವನ್ನು, ಎರಡು ‘ಎಂ’ ಮಿಲಿಯನ್ನನ್ನು ಸೂಚಿಸುವ ರೂಢಿ ಇದೆ. ಬೇರೆ ಕಡೆಗಳಲ್ಲಿ ಒಂದೇ ‘ಎಂ’ ಮಿಲಿಯನ್ನಿಗೆ ನಿಲ್ಲುತ್ತದೆ. ಹೊಸ ಹೆಸರುಗಳ ಮೆಟ್ಟಿಲುಗಳು ಅಳತೆಯ ಪೂರ್ವಪ್ರತ್ಯಯಗಳ ಮೆಟ್ಟಿಲುಗಳಿಗೆ ಒಂದಕ್ಕೊಂದು ಸರಿಯಾಗಿ ಹೊಂದುವುದರಿಂದ, ಟರ್ಟಿಯಡ್ಡಿಗೆ ಗಿಗಾದ ‘ಜಿ’, ಕ್ವಾರ್ಟಿಯಡ್ಡಿಗೆ ಟೆರಾದ ‘ಟಿ’, ಕ್ವಿಂಟಿಯಡ್ಡಿಗೆ ಪೆಟಾದ ‘ಪಿ’ ಎಂಬ ಅಕ್ಷರಗಳನ್ನೇ ಬಳಸಬಹುದು. ಗಣಕಯಂತ್ರದ ಸ್ಮೃತಿಯನ್ನೂ ವಿದ್ಯುತ್ತಿನ ಪ್ರಮಾಣವನ್ನೂ ಅಳೆಯುವಾಗ ಓದುಗರು ಆಗಲೇ ಕಲಿತಿರುವ ಚಿಹ್ನೆಗಳು ಇವು.